ಗಾಳಿ ತೆರೆಯುವ ಕಡಲು

ಸ್ಕೂಬಾಗೆಂದು ಶ್ರೀಲಂಕಾಕ್ಕೆ ಹೊರಡುವ ಮುನ್ನ ನಾನು ವಿಚಾರಿಸುವುದು ಗಾಳಿಯ ದಿಕ್ಕನ್ನು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮಾರುತ ಪಡುವಣ ತೀರವನ್ನು ಕಲಕಿಬಿಡುತ್ತದೆ. ಅದೇ ಹೊತ್ತಿಗೆ ಮೂಡಣದ ಟ್ರಿಂಕೋಮಲಿಯಲ್ಲಿ ನೀರು ತಿಳಿಯಾಗಿರುತ್ತದೆ. ನವೆಂಬರ್ ಹೊತ್ತಿಗೆ ಸರದಿ ಬದಲಾಗುತ್ತದೆ. ಈಶಾನ್ಯ ಮಾರುತ ಮೂಡಣ ಕಡಲನ್ನು ಮುಚ್ಚಿದಂತೆ ಕೊಲಂಬೊ, ಹಿಕ್ಕಡುವ, ಉನವಟುನ ತೆರೆದುಕೊಳ್ಳುತ್ತವೆ.

ಪಡುವಣದ್ದು ಮುಳುಗಿದ ಹಡಗುಗಳ ಕಡಲು. ಹಿಕ್ಕಡುವದ ಉತ್ತರಕ್ಕೆ 1903ರಲ್ಲಿ ಬಂಡೆಗೆ ಬಡಿದ ‘ಕಾಂಚ್’ ಎಂಬ ತೈಲ ಹಡಗು ಇನ್ನೂ ಅಲ್ಲೇ ಇದೆ. ನದಿಗಳು ತರುವ ಮಣ್ಣಿನಿಂದ ಈ ಕಡೆಯ ನೀರು ಆಗಾಗ ಮಬ್ಬಾಗುತ್ತದೆ. ಆ ಮಬ್ಬೂ ನನಗಿಷ್ಟ. ದೂರ ಕಾಣದಿದ್ದಾಗ ಮನಸ್ಸು ಉಸಿರಿಗೆ ಮರಳುತ್ತದೆ: ಒಳಗೆಳೆದರೆ ಮೈ ಮೇಲೇಳುತ್ತದೆ, ಬಿಟ್ಟರೆ ಇಳಿಯುತ್ತದೆ. ರೆಕ್ಕೆ ಬಡಿಯದೆ ನಿಂತ ಗರುಡನ ಹಾಗೆ ತುಕ್ಕು ಹಿಡಿದ ತೊಲೆಗಳ ಮೇಲೆ ತೇಲುತ್ತಾ ಲಯನ್ ಮೀನಿನ ಒಂದೊಂದೇ ಪಟ್ಟೆಯನ್ನು ನೋಡುವ ಸುಖಕ್ಕೆ ಅವಸರವೇ ಇಲ್ಲ.

ಮೂಡಣ ತೀರದ ಹಿರಿಮೆ ಹವಳ. 1998ರಲ್ಲಿ ಸಮುದ್ರದ ನೀರು ಬಿಸಿಯೇರಿ ಹಿಕ್ಕಡುವದ ಹವಳದ ಬಹುಪಾಲು ಸತ್ತುಹೋಯಿತು. ಟ್ರಿಂಕೋಮಲಿಯ ಹವಳದ ದಿಬ್ಬಗಳು ಆ ವರ್ಷ ಬಚಾವಾದವು. ಅಲ್ಲಿನ ಪಿಜನ್ ಐಲ್ಯಾಂಡ್ ಸುತ್ತ ಆಳವಿಲ್ಲದ ನೀರಿನಲ್ಲೇ ಕಪ್ಪು ತುದಿಯ ಶಾರ್ಕ್‌ಗಳು ಸುಳಿಯುತ್ತವೆ. ಕೋಣೇಶ್ವರ ದೇವಾಲಯ ನಿಂತ ಸ್ವಾಮಿ ಬಂಡೆಯ ಬುಡದಲ್ಲಿ, ನೀರಿನೊಳಗೆ, ಪೋರ್ಚುಗೀಸರು ಕೆಡವಿದ ಹಳೆಯ ಗುಡಿಯ ಕಂಬಗಳಿವೆ. ಅವನ್ನು ಕಂಡಾಗ ಕೈಮುಗಿಯಬೇಕೆನಿಸುತ್ತದೆ.

ಆಗ್ನೇಯದ ಗ್ರೇಟ್ ಬಾಸಸ್ ಬಂಡೆಸಾಲು ಎರಡೂ ಮಾರುತಗಳಿಗೆ ಮೈಯೊಡ್ಡಿ ನಿಂತಿದೆ. ಸೆಳೆತ ಬಲು ಜೋರು. ಎರಡು ಮಾರುತಗಳ ನಡುವೆ, ಮಾರ್ಚ್-ಏಪ್ರಿಲ್‌ನ ಕೆಲವು ವಾರ ಮಾತ್ರ ಅದು ಮನುಷ್ಯರನ್ನು ಹತ್ತಿರ ಬಿಡುತ್ತದೆ. ಅಂಥದ್ದೇ ಬಿಡುವಿನಲ್ಲಿ, 1961ರಲ್ಲಿ, ಮುಳುಗುಗಾರ ಮೈಕ್ ವಿಲ್ಸನ್ ಅಲ್ಲಿ ಔರಂಗಜೇಬನ ಕಾಲದ ಬೆಳ್ಳಿ ರೂಪಾಯಿಗಳನ್ನು ಕಂಡರು. ಅವರ ಗೆಳೆಯ, ವಿಜ್ಞಾನ ಕಥೆಗಾರ ಆರ್ಥರ್ ಸಿ. ಕ್ಲಾರ್ಕ್ ಆ ನಿಧಿಯ ಮೇಲೆ ಪುಸ್ತಕವನ್ನೇ ಬರೆದರು. ಮುಳುಗುವ ಹುಚ್ಚಿಗೇ ಲಂಕೆಗೆ ಬಂದು ನೆಲೆಸಿದವರು ಕ್ಲಾರ್ಕ್; ಅವರ ಆಯ್ಕೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಯಾವ ತೀರ ಮೇಲು ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಒಂದೇ: ಆ ತಿಂಗಳು ಗಾಳಿ ಬಿಟ್ಟುಕೊಟ್ಟ ತೀರವೇ ಮೇಲು. ಮಳೆಗಾಲದಲ್ಲಿ ಮುರ್ಡೇಶ್ವರದಾಚೆಯ ನೇತ್ರಾಣಿ ಮುಚ್ಚಿದಾಗ ಟ್ರಿಂಕೋಮಲಿಯಲ್ಲಿ ಸುಗ್ಗಿ. ಅಲ್ಲಿಗೆ ಹೋಗಿ. ಹವಳವನ್ನು ಮಾತ್ರ ಮುಟ್ಟಬೇಡಿ.