ನಾನಿಯ ಲೆಕ್ಕ, ಡಾಕ್ಟರ ಲೆಕ್ಕ

ನಮ್ಮ ಮನೆಯಲ್ಲಿ ಅಕೌಂಟೆನ್ಸಿ ಓದುತ್ತಿರುವುದು ನಾನೊಬ್ಬಳೇ. ಆದರೆ ಲೆಕ್ಕ ಇಡುವವರು ಬಹಳ ಮಂದಿ. ರಂಜಾನ್ ಮುಗಿದ ಮೇಲೆ ಅಮ್ಮಿಯನ್ನೋ ಖಾಲಾನನ್ನೋ ಕೇಳಿ ನೋಡಿ. ಮುಟ್ಟಿನಿಂದಾಗಿ ಎಷ್ಟು ರೋಜಾ ಬಿಟ್ಟುಹೋದವು, ಎಷ್ಟನ್ನು ಕಜಾ ಮಾಡಿ ತೀರಿಸಿದರು, ಎಷ್ಟು ಬಾಕಿ ಇವೆ ಎಂದು ತಡವರಿಸದೆ ಹೇಳುತ್ತಾರೆ. ಪುಸ್ತಕವಿಲ್ಲ, ಪೆನ್ನಿಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಂದೊಂದು ಚುಕ್ಕೆ, ಅಷ್ಟೇ. ಅಬ್ಬಾ ಅದನ್ನು ಹಾಲಿನ ಲೆಕ್ಕ ಅಂದುಕೊಂಡಿದ್ದಾರೆ.

ಇಂಥ ವಿಷಯವನ್ನು ಕಾಲೇಜು ಪತ್ರಿಕೆಗೆ ಬರೆಯುತ್ತಾರಾ ಎಂದು ಗೆಳತಿ ಕೇಳಿದಳು. ಬಯಾಲಜಿ ಇರುವವರು ಬರೆಯಲಿ, ಕಾಮರ್ಸ್‌ನವಳಿಗೆ ಯಾಕೆ ಎಂದಳು. ಬಯಾಲಜಿಯವರು ಇದನ್ನು ಪರೀಕ್ಷೆಗೆ ಓದಿದ್ದಾರೆ. ನಾನು ಕಳೆದ ವರ್ಷ ಡಾಕ್ಟರ ಮುಂದೆ ನಿಂತು ನಾನಿಯ ಮಾತನ್ನು ಕನ್ನಡದಲ್ಲಿ ಹೇಳಿದ್ದೇನೆ.

ನಾನಿಗೆ 62 ವರ್ಷ. ಮುಟ್ಟು ನಿಂತು ಹತ್ತು ವರ್ಷ ದಾಟಿತ್ತು. ಈದ್ ಆದ ಮೂರನೇ ದಿನ ಬಟ್ಟೆಯಲ್ಲಿ ಸ್ವಲ್ಪ ರಕ್ತ ಕಂಡಿತಂತೆ. ತಿಂಗಳಿಡೀ ಖರ್ಜೂರ ತಿಂದದ್ದು, ಗರ್ಮಿ ಆಗಿದೆ ಎಂದುಕೊಂಡು ಸಬ್ಜಾ ನೆನೆಸಿ ಕುಡಿದರು. ಯಾರಿಗೂ ಹೇಳಲಿಲ್ಲ. ಎರಡನೇ ಸಲ ಕಂಡಾಗಲೂ ಅವರು ಕಾಯಿಲೆ ಎಂದು ಬಾಯಿ ಬಿಡಲಿಲ್ಲ. ಅಮ್ಮಿಯ ಹತ್ತಿರ ಬಂದು ಕೇಳಿದ್ದು ಒಂದೇ ಪ್ರಶ್ನೆ: ಈ ವಯಸ್ಸಿನಲ್ಲಿ ಹೀಗಾದರೆ ನಮಾಜ್ ಓದಬಹುದೋ ಇಲ್ಲವೋ?

ನಮ್ಮ ಓಣಿಯಲ್ಲಿ ಹೆಂಗಸರಿಗೆ ದೀನಿಯಾತ್ ಕಲಿಸುವ ಆಪಾ ಒಬ್ಬರಿದ್ದಾರೆ. ಅಮ್ಮಿ ಅವರನ್ನು ಕೇಳಿದರು. ಇದು ಹೈಜ್ ಅಲ್ಲ, ಇಸ್ತಿಹಾಜಾ, ಪ್ರತಿ ಹೊತ್ತಿಗೂ ವಜೂ ಮಾಡಿ ನಮಾಜ್ ಓದಲಿ ಎಂದರು ಆಪಾ. ಫೋನ್ ಇಡುವ ಮುಂಚೆ ಇನ್ನೊಂದು ಮಾತು ಹೇಳಿದರು. "ನಮಾಜಿನ ಜವಾಬು ನಾನು ಕೊಟ್ಟೆ. ರಕ್ತ ಯಾಕೆ ಬಂತು ಅನ್ನೋದಕ್ಕೆ ಡಾಕ್ಟರ್ ಜವಾಬು ಕೊಡಬೇಕು, ನಾಳೆಯೇ ಕರ್ಕೊಂಡು ಹೋಗಿ."

ನಾನಿ, ಖಾಲಾ, ನಾನು ಮೂವರು ಹೋದೆವು. ನಾನಿಗೆ ಕನ್ನಡ ಬರುವುದು ತರಕಾರಿ ಚೌಕಾಸಿಗೆ ಸಾಕಾಗುವಷ್ಟು. ನಮ್ಮ ಮನೆಯಲ್ಲಿ ಮುಟ್ಟಿಗೆ ನೇರವಾದ ಹೆಸರು ಹೇಳುವುದಿಲ್ಲ, "ನಮಾಜ್ ಇಲ್ಲ" ಎನ್ನುತ್ತೇವೆ. ಪಕ್ಕದ ಮನೆಯವರು "ಹೊರಗಾಗಿದ್ದೇನೆ" ಎನ್ನುತ್ತಾರೆ. ಪಾಠಪುಸ್ತಕದಲ್ಲಿ ಋತುಸ್ರಾವ. ಯಾವುದನ್ನು ಹೇಳಲಿ ಎಂದು ನಾನು ಯೋಚಿಸುವಷ್ಟರಲ್ಲಿ ಡಾಕ್ಟರೇ, "ಮುಟ್ಟು ನಿಂತು ಎಷ್ಟು ವರ್ಷವಾಯ್ತು?" ಎಂದು ಊಟ ಆಯ್ತಾ ಎಂದು ಕೇಳಿದಷ್ಟು ಸಲೀಸಾಗಿ ಕೇಳಿದರು. ಆಮೇಲೆ ಕಷ್ಟವಾಗಲಿಲ್ಲ. ಯಾವ ದಿನ ಶುರುವಾಯಿತು, ಎಷ್ಟು ದಿನ ಇತ್ತು, ಹನಿಯೋ ಧಾರೆಯೋ, ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದೆಲ್ಲ ಕೇಳಿದರು. ನಾನಿ ಎಲ್ಲವನ್ನೂ ಹೇಳಿದರು: ಈದಿನ ಮೂರನೇ ದಿನ, ಎರಡು ದಿನ ಇತ್ತು, ಆಮೇಲೆ ಬಕ್ರೀದ್‌ಗೆ ನಾಲ್ಕು ದಿನ ಮುಂಚೆ. ನಾನು ಮೊಬೈಲ್ ನೋಡಿ ಇಂಗ್ಲಿಷ್ ತಾರೀಖು ಹೇಳುತ್ತಾ ಹೋದೆ, ಡಾಕ್ಟರ್ ಬರೆದುಕೊಂಡರು. ಇಷ್ಟು ಸರಿಯಾಗಿ ಹೇಳುವವರು ಕಡಿಮೆ ಎಂದರು. ಅದನ್ನು ಉರ್ದುವಿನಲ್ಲಿ ಹೇಳಿದಾಗ ನಾನಿ ಸೆರಗು ಸರಿ ಮಾಡಿಕೊಂಡರು.

ಡಾಕ್ಟರ್ ಹೇಳಿದ್ದು ಇಷ್ಟು. ಒಂದು ವರ್ಷ ಪೂರ್ತಿ ಮುಟ್ಟು ಬಾರದಿದ್ದರೆ ಅದು ನಿಂತಿದೆ ಎಂದರ್ಥ. ಅದಾದ ಮೇಲೆ ಒಂದು ಹನಿ ಕಂಡರೂ ತೋರಿಸಬೇಕು. ಹೆಚ್ಚಿನ ಸಲ ಕಾರಣ ಸಣ್ಣದೇ. ಒಳಪೊರೆ ಒಣಗಿ ತೆಳುವಾಗಿರುತ್ತದೆ, ಇಲ್ಲವೆ ಪಾಲಿಪ್ ಎಂಬ ಸಣ್ಣ ಮಾಂಸದ ಬೆಳವಣಿಗೆ ಇರುತ್ತದೆ. ಕೆಲವರಲ್ಲಿ ಗರ್ಭಕೋಶದ ಕ್ಯಾನ್ಸರ್ ಇರುತ್ತದೆ, ಅದರ ಮೊದಲ ಗುರುತು ಬಹಳ ಸಲ ಈ ರಕ್ತವೇ. ಬೇಗ ಸಿಕ್ಕರೆ ಗುಣವಾಗುವ ಸಾಧ್ಯತೆ ಹೆಚ್ಚು. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಒಳಪೊರೆ 4 ಮಿಲಿಮೀಟರ್ ಒಳಗಿದ್ದರೆ ಸಾಮಾನ್ಯವಾಗಿ ಧೈರ್ಯ ಹೇಳುತ್ತಾರೆ. ನಾನಿಯದು ಅದಕ್ಕಿಂತ ದಪ್ಪವಿತ್ತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗಿನ ಆ ವಾರದ ಬಗ್ಗೆ ಬರೆಯಲು ನನಗೆ ಇಷ್ಟವಿಲ್ಲ. ಬಂದದ್ದು ಪಾಲಿಪ್, ಕ್ಯಾನ್ಸರ್ ಅಲ್ಲ. ಅದನ್ನು ತೆಗೆದರು.

ಆ ಮೊದಲ ದಿನವೇ ಡಾಕ್ಟರ್ ಖಾಲಾನ ಮುಖ ನೋಡಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ನಿಮಗೆ ಎಷ್ಟು ದಿನ ಹೋಗುತ್ತೆ?" ಎಂದಿದ್ದರು. ಖಾಲಾಗೆ 41. ಒಂಬತ್ತು ದಿನ ಎಂದರು, ಅದೇನು ದೊಡ್ಡ ವಿಷಯ ಎಂಬಂತೆ. ಎರಡು ವರ್ಷದಿಂದ ಹಾಗೆಯೇ ಇತ್ತು. ಹಿಮೋಗ್ಲೋಬಿನ್ 7.8 ಬಂತು. ಹೆಂಗಸರಿಗೆ 12 ಇರಬೇಕು. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆಗಳಿದ್ದವು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದದ್ದಕ್ಕೆ ವಯಸ್ಸು ಕಾರಣವಾಗಿರಲಿಲ್ಲ.

ನನಗೆ ಅನ್ನಿಸುವುದು ಇದು. ನಾವು ಹನಫಿಗಳು ಕಲಿತ ಪ್ರಕಾರ 3 ದಿನಕ್ಕಿಂತ ಕಡಿಮೆ ಅಥವಾ 10 ದಿನಕ್ಕಿಂತ ಹೆಚ್ಚು ಹೋದರೆ ಅದು ಇಸ್ತಿಹಾಜಾ. ಶಾಫಿಗಳಲ್ಲಿ ಗರಿಷ್ಠ 15 ದಿನ. ಈ ಅಂಕಿಗಳಿರುವುದು ನಮಾಜ್ ಯಾವಾಗ ಬಿಡಬೇಕು, ಯಾವಾಗ ಓದಬೇಕು ಎಂದು ತಿಳಿಯಲು. ಡಾಕ್ಟರ ಅಂಕಿ ಬೇರೆ, 7-8 ದಿನ ದಾಟಿದರೆ ತೋರಿಸಿ ಎನ್ನುತ್ತಾರೆ. ಖಾಲಾನ ಒಂಬತ್ತು ದಿನ ಒಂದು ಲೆಕ್ಕದಲ್ಲಿ ಸರಿ, ಇನ್ನೊಂದರಲ್ಲಿ ಕಾಯಿಲೆಯ ಗುರುತು. ಒಂದರ ಉತ್ತರವನ್ನು ಇನ್ನೊಂದಕ್ಕೂ ಸಾಕು ಅಂದುಕೊಂಡದ್ದರಿಂದ ಎರಡು ವರ್ಷ ರಕ್ತ ಹೋಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇತ್ತು. ಅದಕ್ಕೆ ಊಟವೂ ಕಾರಣ, ಆದರೆ ಅವರಲ್ಲಿ ನಮ್ಮ ಖಾಲಾನಂಥವರೂ ಇರುತ್ತಾರೆ.

ನಮ್ಮ ವಯಸ್ಸಿನವರ ಕಥೆ ಬೇರೆ. ಮುಟ್ಟು ಶುರುವಾದ ಮೊದಲ ಎರಡು ಮೂರು ವರ್ಷ ಹಿಂದುಮುಂದಾಗುವುದು ಸಹಜ, ಏಕೆಂದರೆ ಅಂಡ ಬಿಡುಗಡೆ ಇನ್ನೂ ಪ್ರತಿ ತಿಂಗಳು ಸರಿಯಾಗಿ ನಡೆಯುವುದಿಲ್ಲ. 21ರಿಂದ 45 ದಿನದ ಅಂತರವಿದ್ದರೆ ಹೆದರಬೇಕಿಲ್ಲ. ಮೂರು ತಿಂಗಳು ಬರಲೇ ಇಲ್ಲವೆಂದರೆ ಪಿಸಿಓಎಸ್, ಥೈರಾಯ್ಡ್ ನೋಡುತ್ತಾರೆ. ಮೊದಲ ಮುಟ್ಟಿನಿಂದಲೇ ವಿಪರೀತ ಹೋಗುವ, ಹಲ್ಲುಜ್ಜಿದರೆ ವಸಡಿನಿಂದಲೂ ರಕ್ತ ಬರುವ ಹುಡುಗಿಗೆ ರಕ್ತ ಹೆಪ್ಪುಗಟ್ಟುವ ಗುಣವೇ ಕಡಿಮೆ ಇರಬಹುದು. ಗಂಟೆಗೊಂದು ಪ್ಯಾಡ್ ತೊಯ್ದು, ಅದು ಎರಡು ಗಂಟೆ ದಾಟಿದರೆ, ತಲೆ ಸುತ್ತಿದರೆ, ಕಾಯಬಾರದು. ಕ್ಲಾಸ್ ಹೋಗಲಿ, ಅಟೆಂಡೆನ್ಸ್ ಆಮೇಲೆ ಕೇಳೋಣ.

ಮದುವೆಯಾದವರಲ್ಲಿ ತಡವಾಗಿ ಬಂದ ರಕ್ತ ಗರ್ಭಕ್ಕೆ ಸಂಬಂಧಿಸಿದ್ದಿರಬಹುದು. ಜೊತೆಗೆ ಹೊಟ್ಟೆಯ ಒಂದು ಬದಿ ಜೋರು ನೋವಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು, ಗರ್ಭ ನಾಳದಲ್ಲಿ ನಿಂತಿದ್ದರೆ ಜೀವಕ್ಕೇ ಅಪಾಯ. ಗಂಡನೊಂದಿಗೆ ಸೇರಿದ ಮೇಲೆ ರಕ್ತ ಕಂಡರೆ ಗರ್ಭಕಂಠವನ್ನು ಪರೀಕ್ಷಿಸಬೇಕು. ಕಾಪರ್-ಟಿ, ಹಾರ್ಮೋನ್ ಮಾತ್ರೆ, ಹೃದಯಕ್ಕೆಂದು ಕೊಡುವ ರಕ್ತ ತೆಳುವಾಗಿಸುವ ಮಾತ್ರೆ ಇವುಗಳಿಂದಲೂ ಸ್ರಾವ ಹೆಚ್ಚಬಹುದು. ಆದ್ದರಿಂದ ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವಾಗ ಮಾತ್ರೆಯ ಪಟ್ಟಿಗಳನ್ನು ಚೀಲದಲ್ಲಿ ಹಾಕಿಕೊಳ್ಳಿ. ತಾರೀಖುಗಳು ಅವರ ನೆನಪಿನಲ್ಲಿರುತ್ತವೆ, ಹಬ್ಬದ ಹೆಸರಿನಲ್ಲಿ ಕೇಳಿದರೆ ಸಾಕು.

ಖಾಲಾನ ಹಿಮೋಗ್ಲೋಬಿನ್ ಈಗ 10.4ಕ್ಕೆ ಬಂದಿದೆ. ಗಡ್ಡೆಗೆ ಚಿಕಿತ್ಸೆ ನಡೆಯುತ್ತಿದೆ, ಮೂರು ತಿಂಗಳಿಗೆ ಮತ್ತೆ ಸ್ಕ್ಯಾನಿಂಗ್. ಕಬ್ಬಿಣಾಂಶದ ಮಾತ್ರೆಯನ್ನು ನಿಂಬೆ ಶರಬತ್ತಿನ ಜೊತೆ ತೆಗೆದುಕೊಳ್ಳುತ್ತಾರೆ. ಆಮೇಲೆ ಒಂದು ಗಂಟೆ ಚಹಾ ಕುಡಿಯಬಾರದು ಎಂಬುದೇ ಅವರಿಗೆ ದೊಡ್ಡ ಸಂಕಟ, ಗಡಿಯಾರ ನೋಡುತ್ತಾ ಕೂತಿರುತ್ತಾರೆ.