ಹೊಳೆಗೆ ಕಾಫಿ ಕುಡಿಸಿದ್ದು

"ಬಾಟ್ಲಿ ತುಂಬ್ಕಂಡ್ ಹೋಗಕ್ಕೆ ನಿಮ್ ಬೆಂಗ್ಳೂರಲ್ಲಿ ನೀರಿಲ್ವೇನ್ಲಾ?"

ಕೊಣನೂರಿನ ಹೊಳೆ ದಂಡೇಲಿ ನಿಂತು ದೊಡ್ಡಮ್ಮ ಕೇಳಿದ್ದು. ಅಲ್ಲಿಗೆ ಬರೋದೂ ಇದೇ ಕಾವೇರಿ ದೊಡ್ಡಮ್ಮ, ಕನ್ನಂಬಾಡಿ ಸುತ್ತಿಕೊಂಡು ಬರುತ್ತೆ ಅಷ್ಟೇ ಅಂದೆ.

2021ರಲ್ಲಿ ಮದ್ರಾಸ್ ಐಐಟಿಯವರು ತಮಿಳುನಾಡಿನ ಕಾವೇರೀಲಿ ನೋವಿನ ಮಾತ್ರೆ, ಬಿ.ಪಿ. ಮಾತ್ರೆಗಳ ಅಂಶ, ಜೊತೆಗೆ ಸೀಸ, ಕ್ರೋಮಿಯಂ ಸಿಕ್ಕಿದೆ ಅಂದಿದ್ದರು. ಲ್ಯಾಬಲ್ಲಿ ದಿನಾ ಬೇರೆಯವರ ನೀರು ನೋಡೋ ನನಗೆ ನಮ್ಮೂರಿನದನ್ನೂ ನೋಡುವ ಚಪಲ. ಮರುವರ್ಷ ಫೆಬ್ರವರೀಲಿ ಐಸ್ ಡಬ್ಬಿ ಹೊತ್ತು ಬಸ್ ಹತ್ತಿದೆ. ಔಷಧಿ ಅಂಶಕ್ಕೆ ಕಂದು ಗಾಜಿನ ಬಾಟಲಿ, ಬೆಳಕು ಬಿದ್ದರೆ ಕೆಲವು ಒಡೆದುಹೋಗುತ್ತವೆ. ಲೋಹಕ್ಕೆ ಪ್ಲಾಸ್ಟಿಕ್ ಬಾಟಲಿ, ಗೋಡೆಗೆ ಅಂಟದಿರಲಿ ಅಂತ ಒಂದಿಷ್ಟು ನೈಟ್ರಿಕ್ ಆಮ್ಲ. ಲ್ಯಾಬಲ್ಲಿ ಅರ್ಧ ಲೀಟರ್ ನೀರನ್ನ ಬೆರಳುದ್ದದ ಕೊಳವೇಲಿ ಹಾಯಿಸಿ, ಅಂಟಿದ್ದನ್ನ ಮೆಥನಾಲ್‌ನಲ್ಲಿ ಬಿಡಿಸಿ, ಒಂದು ಎಂ.ಎಲ್.ಗೆ ಇಳಿಸಬೇಕು. ಹುಡುಕೋದು ನ್ಯಾನೋಗ್ರಾಂ ಲೆಕ್ಕದಲ್ಲಿ. ಬೆಂಗಳೂರಿಗೆ ಆಗ ದಿನಕ್ಕೆ ಬರ್ತಿದ್ದ ಕಾವೇರಿ ನೀರು ಸುಮಾರು 145 ಕೋಟಿ ಲೀಟರ್. ಅಷ್ಟರಲ್ಲಿ ಒಂದೂವರೆ ಗ್ರಾಂ ಕರಗಿದ್ದರೆ ಲೀಟರಿಗೆ ಒಂದು ನ್ಯಾನೋಗ್ರಾಂ.

ಕೆಫೀನ್ ಸಿಕ್ಕಿತು! ಚರಂಡಿ ನೀರು ಹೊಳೆಗೆ ಸೇರ್ತಿದೆ ಅನ್ನೋದಕ್ಕೆ ಕೆಫೀನ್ ಒಳ್ಳೆ ಗುರುತು. ಮೇಲ್ಗಡೆ ಊರುಗಳ ಚರಂಡಿ, ಕೊಡಗಿನ ಕಾಫಿ ಪಲ್ಪಿಂಗು, ಎಲ್ಲ ಸೇರಿಸಿ ತಲೇಲೇ ವರದಿ ಬರೆದುಬಿಟ್ಟೆ. ಆಮೇಲೆ 'ಫೀಲ್ಡ್ ಬ್ಲಾಂಕ್' ಹಾಕಿದೆ. ಅಂದರೆ ಲ್ಯಾಬಿನ ಶುದ್ಧ ನೀರನ್ನೇ ದಂಡೆಗೆ ಒಯ್ದು, ಅಲ್ಲಿ ಮುಚ್ಚಳ ತೆಗೆದು ಮುಚ್ಚಿ ತಂದ ಬಾಟಲಿ. ಅದರಲ್ಲೂ ಅಷ್ಟೇ ಕೆಫೀನ್. ಬಸ್‌ಸ್ಟ್ಯಾಂಡಲ್ಲಿ ಕಾಫಿ ಕುಡಿದು, ಚೆಲ್ಲಿಕೊಂಡ ಕೈಯಲ್ಲೇ, ಗ್ಲೌಸಿಲ್ಲದೆ ಮುಚ್ಚಳ ತೆಗೆದವನು ನಾನೇ. ಹೊಸ ಹುಡುಗರಿಗೆ ಇದನ್ನೇ ಮಾಡಬೇಡಿ ಅಂತ ಪಾಠ ಹೇಳೋನು!

ಉಳಿದದ್ದೆಲ್ಲ 'ಬಿಡಿಎಲ್'. ಇಲ್ಲ ಅಂತಲ್ಲ, ನಮ್ಮ ಯಂತ್ರದ ಕಣ್ಣಿಗೆ ಬೀಳುವಷ್ಟು ಇಲ್ಲ ಅಂತ. ಅದೂ ಆ ದಿನ, ಆ ಗಳಿಗೇಲಿ.

"ಕುಡೀಬೌದಾ ಇಲ್ವಾ, ಅಷ್ಟ್ ಹೇಳು" ಅಂದಳು ದೊಡ್ಡಮ್ಮ ಫೋನಲ್ಲಿ. ಕಾಯಿಸಿ ಕುಡಿ ಅಂದೆ. ಕಾಯಿಸಿದರೆ ಕ್ರಿಮಿ ಸಾಯುತ್ತೆ, ಸೀಸ ಹೋಗಲ್ಲ ಅಂತ ಗೊತ್ತಿದ್ದೂ ಬಾಯಿಗೆ ಬಂದದ್ದು ಅದೇ. ಒಂದು ಬಾಟಲಿ ನೋಡಿ ಹೇಳಕ್ಕಾಗಲ್ಲ ದೊಡ್ಡಮ್ಮ ಅಂತ ತಿದ್ದಿಕೊಂಡೆ.

"ಬ್ಯಾಸ್ಗೇಲಿ ಬಂದ್ರೆ ಏನ್ ಸಿಕ್ತದೆ? ಹೊಗೆಸೊಪ್ಪಿಗೆ ಔಸ್ದಿ ಹೊಡ್ದು ಮಳೆ ಬಿದ್ಮೇಲೆ ಬಾ. ಹೊಲದ್ದೆಲ್ಲ ತೊಳ್ಕಂಡ್ ಹೊಳೆಗೇ ಬತ್ತದೆ."

ಜೂನ್‌ಗೆ ರಜ ಹಾಕಿದೀನಿ. ಗ್ಲೌಸ್ ಎರಡು ಡಬ್ಬಿ.