ಬೀಗ ಹಾಕಿದ ಮನೆಗಳು

ಕಳೆದ ವರ್ಷ ಫೆಬ್ರವರಿಯಲ್ಲಿ ಒಂದೇ ರಾತ್ರಿ ಕೂತು ನಾನು ಒಂಬತ್ತು ಕುಟುಂಬಗಳನ್ನು ಹುಟ್ಟಿಸಿದೆ. ಒಂದು ಮನೆಗೆ ಇಬ್ಬರು ಮಕ್ಕಳನ್ನು ಕೊಟ್ಟೆ, ಇನ್ನೊಂದಕ್ಕೆ ಸಕ್ಕರೆ ಕಾಯಿಲೆಯ ಅಜ್ಜಿಯನ್ನು. ಒಬ್ಬ ಯಜಮಾನನನ್ನು ಶಿವಮೊಗ್ಗದ ಬಟ್ಟೆ ಅಂಗಡಿಗೆ ಸೇರಿಸಿದೆ, ಇನ್ನೊಬ್ಬನಿಗೆ ಆಟೋ ಕೊಡಿಸಿದೆ. ಯಾರಿಗೂ ಅನುಮಾನ ಬಾರದಿರಲಿ ಎಂದು ನೀಲಿ ಮತ್ತು ಕಪ್ಪು, ಎರಡು ಪೆನ್ನು ಬಳಸಿದೆ. ಒಂದು ಫಾರಂ ಮೇಲೆ ಬೇಕೆಂದೇ ಟೀ ಲೋಟದ ಗುರುತು ಬೀಳಿಸಿದೆ. ಈಗ ಬರೆಯುವಾಗ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುವುದು ಆ ಟೀ ಲೋಟದ್ದು.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾಗದನಗರದಲ್ಲಿ. ಬಸ್ಸಿನವರ ಬಾಯಲ್ಲಿ ಅದು ಪೇಪರ್ ಟೌನ್. 1936ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರು ಕಾಗದ ಕಾರ್ಖಾನೆ 1977ರಲ್ಲಿ ಸರ್ಕಾರಿ ಕಂಪನಿಯಾಯಿತು. ಬಿದಿರು, ನೀಲಗಿರಿ, ಅಕೇಶಿಯಾ, ಕಬ್ಬಿನ ಸಿಪ್ಪೆ ಒಳಗೆ ಹೋಗಿ ಕಾಗದವಾಗಿ ಹೊರಗೆ ಬರುತ್ತಿದ್ದವು. ನಾಡಿನ ಎಷ್ಟೋ ಪತ್ರಿಕೆಗಳು ನಮ್ಮೂರಿನ ನ್ಯೂಸ್‌ಪ್ರಿಂಟ್ ಮೇಲೆ ಅಚ್ಚಾಗಿವೆ. ಪಲ್ಪ್ ಬೇಯುವ ವಾಸನೆಗೆ ಹೊಸಬರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿಗೆ ಬಂದಾಗ ಮೊದಲು ಎದುರುಗೊಳ್ಳುತ್ತಿದ್ದುದೂ ಅದೇ ವಾಸನೆ. 2015ರ ಕೊನೆಗೆ ಉತ್ಪಾದನೆ ನಿಂತಿತು. ಆಮೇಲೆ ಒಬ್ಬೊಬ್ಬರಾಗಿ ಸ್ವಯಂ ನಿವೃತ್ತಿ ತೆಗೆದುಕೊಂಡರು. ಅಪ್ಪನೂ ತೆಗೆದುಕೊಂಡರು. ನಾವು ಕ್ವಾರ್ಟರ್ಸ್ ಬಿಟ್ಟು ಜನ್ನಾಪುರದ ಬಾಡಿಗೆ ಮನೆಗೆ ಬಂದೆವು.

ನನ್ನ ಪಿಎಚ್‌ಡಿ ಈ ಕಾಲೊನಿಯ ಮೇಲೆಯೇ. ಕಾರ್ಖಾನೆ ನಿಂತ ಮೇಲೆ ಅಲ್ಲಿನ ಕುಟುಂಬಗಳು ಹೇಗೆ ಬದುಕಿದವು ಎಂಬುದು ವಿಷಯ. ಹಳೆಯ ವಿಳಾಸಗಳಿಂದ ಚೀಟಿ ಎತ್ತಿ 120 ಮನೆಗಳನ್ನು ಆರಿಸಿದ್ದೆ. ಅಷ್ಟನ್ನೂ ಭೇಟಿ ಮಾಡುತ್ತೇನೆ ಎಂದು ಸಿನಾಪ್ಸಿಸ್‌ನಲ್ಲಿ ಬರೆದುಕೊಟ್ಟಿದ್ದೆ. ಎರಡು ವರ್ಷ ತಿರುಗಿದ ಮೇಲೆ 97 ಮನೆಗಳ ಫಾರಂ ತುಂಬಿದವು. ಉಳಿದ 23 ಮನೆಗಳಿಗೆ ಬೀಗ. ಮೂರು ಸಲ, ನಾಲ್ಕು ಸಲ ಹೋದರೂ ಬೀಗ. ಅಂಗಳದಲ್ಲಿ ಸೊಂಟದೆತ್ತರ ಕಾಂಗ್ರೆಸ್ ಗಿಡ. ಅಕ್ಕಪಕ್ಕದವರನ್ನು ಕೇಳೋಣವೆಂದರೆ ಕೆಲವು ಸಾಲುಗಳಲ್ಲಿ ಅಕ್ಕವೂ ಇಲ್ಲ, ಪಕ್ಕವೂ ಇಲ್ಲ.

ಪ್ರಗತಿ ವರದಿ ಕೊಡುವ ದಿನ ಹತ್ತಿರ ಬಂತು. ವರದಿ ಒಪ್ಪಿಗೆಯಾದರೆ ಮಾತ್ರ ಫೆಲೋಶಿಪ್ಪಿನ ಮುಂದಿನ ಕಂತು. ಅಪ್ಪನಿಗೆ ಬಂದ ಹಣದಲ್ಲಿ ಅಕ್ಕನ ಮದುವೆಯಾಗಿತ್ತು. ಮನೆ ಬಾಡಿಗೆಯಲ್ಲಿ ಅರ್ಧ ನನ್ನ ಫೆಲೋಶಿಪ್ಪಿನಿಂದಲೇ ಹೋಗುತ್ತಿತ್ತು. ಹಾಸ್ಟೆಲಿನ ಗೆಳತಿಯ ಹತ್ತಿರ ಗೋಳು ತೋಡಿಕೊಂಡೆ. ಅವಳು ನಕ್ಕಳು.

"ಲೇ ಮಾರಾಯ್ತಿ, ನೀನು ಅದೇ ಕಾಲೊನಿಯವಳು. ಅವ್ರು ಏನ್ ಹೇಳ್ತಾರೆ ಅಂತ ನಿಂಗೆ ಗೊತ್ತಿಲ್ವಾ? ಬರ್ಕೊಂಡು ಹೋಗು."

ಈ ಮಾತು ಹಿತವಾಗಿತ್ತು. ಸುಳ್ಳು ಹೇಳು ಎಂದು ಅವಳು ಅಂದಿದ್ದರೆ ನಾನು ಖಂಡಿತ ಬೆಚ್ಚುತ್ತಿದ್ದೆ. ನಿನಗೆ ಗೊತ್ತಿರುವುದನ್ನೇ ಬರಿ ಎಂದಳು. ನನಗೆ ಗೊತ್ತೂ ಇತ್ತು. 97 ಮನೆಗಳಲ್ಲಿ ಕೇಳಿಸಿಕೊಂಡ ಮೇಲೆ ತೊಂಬತ್ತೆಂಟನೆಯವರು ಏನು ಹೇಳುತ್ತಾರೆಂದು ಊಹಿಸುವುದು ಕಷ್ಟವೇನಲ್ಲ. ಆ ರಾತ್ರಿ ಒಂಬತ್ತು ತುಂಬಿದೆ. ಉಳಿದ ಹದಿನಾಲ್ಕನ್ನು ಇನ್ನೊಂದು ದಿನ ನೋಡಿಕೊಂಡರಾಯಿತು ಎಂದುಕೊಂಡೆ. ವರದಿಯಲ್ಲಿ 106 ಎಂದು ಬರೆದೆ. ಒಪ್ಪಿಗೆಯಾಯಿತು, ಕಂತು ಬಂತು, ಬಾಡಿಗೆ ಕಟ್ಟಿದೆವು. ಯಾರೂ ನನ್ನನ್ನು ಹಿಡಿಯಲಿಲ್ಲ. ಹಿಡಿಯುವವರೂ ಇರಲಿಲ್ಲ.

ಮುಂದಿನ ತಿಂಗಳು ಫಾರಂಗಳ ಕಟ್ಟನ್ನು ಮನೆಗೆ ತಂದೆ. ಅಮ್ಮ ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಆದರೆ ಲೆಕ್ಕದಲ್ಲಿ ಅವಳ ಕೈ ಚುರುಕು. ಆದಾಯದ ಕಾಲಂ ಕೂಡಿಸಿಕೊಡುತ್ತೇನೆ ಅಂತ ಕನ್ನಡಕ ಹಾಕಿಕೊಂಡು ಕೂತಳು. ನಾನು ಒಳಗೆ ಅನ್ನಕ್ಕೆ ಇಡುತ್ತಿದ್ದೆ.

"ಪುಟ್ಟೀ, ಇವ್ರು ಯಾವಾಗ ವಾಪಸ್ ಬಂದ್ರೇ?"

ನಮ್ಮ ಹಳೆಯ ಕ್ವಾರ್ಟರ್ಸಿನ ಹಿಂದಿನ ಸಾಲಿನ ಮನೆಯ ವಿಳಾಸ. ನನಗೆ ಅದು ಪಟ್ಟಿಯಲ್ಲಿದ್ದ ಒಂದು ನಂಬರ್. ಅಮ್ಮನಿಗೆ ಹದಿನೆಂಟು ವರ್ಷ ಜೊತೆಯಲ್ಲಿ ಹಪ್ಪಳ ಒತ್ತಿದ ಗೆಳತಿಯ ಮನೆ. ಮಗನ ಜೊತೆ ಬೆಂಗಳೂರಿಗೆ ಹೋದ ಮೇಲೆ ಒಂದೆರಡು ಸಲ ಫೋನ್ ಬಂದಿತ್ತಂತೆ. ಆಮೇಲೆ ನಂಬರೇ ಬದಲಾಯಿತಂತೆ.

"ಬಂದಿದಾರೆ ಅಂತ ಒಂದು ಮಾತು ಹೇಳ್ಬಾರ್ದಾ ನಂಗೆ? ನೀನೂ ಸರಿ, ನಿಮ್ಮಪ್ಪನೂ ಸರಿ." ಬೈಯುತ್ತಲೇ ಎದ್ದಳು. ಮುಖ ತೊಳೆದಳು. ಸೀರೆ ಬದಲಾಯಿಸಿದಳು. ಹಿಂದಿನ ದಿನ ಮಾಡಿದ್ದ ಚಕ್ಕುಲಿಯನ್ನು ಸ್ಟೀಲ್ ಡಬ್ಬಿಗೆ ತುಂಬಿ, ಸಾಲದೇನೋ ಎಂದು ಇನ್ನೂ ನಾಲ್ಕು ಹಾಕಿ, ಮುಚ್ಚಳ ಒತ್ತಿದಳು. ಚಪ್ಪಲಿ ಮೆಟ್ಟುವವರೆಗೂ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಹೋಗಲಿ, ಬೀಗ ನೋಡಿ ವಾಪಸ್ ಬರಲಿ, ಎಲ್ಲೋ ಹೋಗಿರಬೇಕು ಎಂದರಾಯಿತು ಎಂಬ ಯೋಚನೆ ಆ ಗಳಿಗೆಯಲ್ಲೂ ನನಗೆ ಬಂದಿತ್ತು. ಬಾಗಿಲಲ್ಲಿ ಅವಳನ್ನು ತಡೆದು ಹೇಳಿದೆ.

ಅಮ್ಮ ಬೈಯಲಿಲ್ಲ. ಡಬ್ಬಿಯನ್ನು ಕಿಟಕಿ ಕಟ್ಟೆಯ ಮೇಲಿಟ್ಟಳು. "ಹಂಗಾದ್ರೆ ಬಂದಿಲ್ಲ" ಅಂದಳು. ಸ್ವಲ್ಪ ಹೊತ್ತಿನ ಮೇಲೆ ಕನ್ನಡಕ ಹಾಕಿಕೊಂಡು, "ಇಂಥವು ಇನ್ನೂ ಯಾವ್ಯಾವು? ತೆಗ್ದುಕೊಡು" ಅಂದಳು. ಒಂಬತ್ತನ್ನೂ ತೆಗೆದುಕೊಟ್ಟೆ. ಅವನ್ನು ಪಕ್ಕಕ್ಕಿಟ್ಟು 97 ಮನೆಗಳ ಆದಾಯವನ್ನು ಮೊದಲಿಂದ ಕೂಡಿಸಲು ಶುರುಮಾಡಿದಳು.

ಗೈಡ್ ಹತ್ತಿರ ಹೇಳಿಕೊಳ್ಳಲು ನನಗೆ ಮೂರು ವಾರ ಬೇಕಾಯಿತು. ಆ ಮೂರು ವಾರ ತಲೆಯೊಳಗೆ ಬಂದುಹೋದವರು ಬಹಳ ಜನ. ಭದ್ರಾವತಿಯ ಮಕ್ಕಳಿಗೆ ಪ್ರಾಮಾಣಿಕತೆ ಎಂದೊಡನೆ ನೆನಪಾಗುವುದು ವಿಶ್ವೇಶ್ವರಯ್ಯ. ನಮ್ಮೂರಿನ ಕಬ್ಬಿಣದ ಕಾರ್ಖಾನೆಗೆ ಅವರದೇ ಹೆಸರು. ಸರ್ಕಾರಿ ಕೆಲಸಕ್ಕೊಂದು ಮೇಣದಬತ್ತಿ, ಸ್ವಂತ ಕೆಲಸಕ್ಕೊಂದು ಎಂಬ ಕಥೆಯನ್ನು ಶಾಲೆಯಲ್ಲಿ ಎಷ್ಟು ಸಲ ಕೇಳಿದ್ದೇನೋ. ದೊಡ್ಡವಳಾದ ಮೇಲೆ ಇನ್ನೊಂದು ಸಂಗತಿ ಓದಿದೆ. ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ಪ್ರಶ್ನೆಯಲ್ಲಿ ಮಹಾರಾಜರ ಜೊತೆ ಭಿನ್ನಾಭಿಪ್ರಾಯ ಬಂದು ಅವರು 1918ರಲ್ಲಿ ದಿವಾನಗಿರಿಯನ್ನೇ ಬಿಟ್ಟರು. ತಾನು ಒಪ್ಪದ್ದನ್ನು ಕುರ್ಚಿಯ ಆಸೆಗೆ ಮಾಡಲಿಲ್ಲ, ಅದು ಸಣ್ಣ ಮಾತಲ್ಲ. ಆದರೆ ಅವರು ಒಪ್ಪದೆ ಎದ್ದುಹೋದ ಅದೇ ಮೀಸಲಾತಿಯಿಂದ ನಾನು ಇಲ್ಲಿಯವರೆಗೆ ಓದಿದ್ದೇನೆ. ಅವರು ಎದ್ದು ನಡೆದ ರೀತಿಗೆ ತಲೆಬಾಗುತ್ತೇನೆ, ನಡೆದ ದಿಕ್ಕಿಗೆ ಬಾಗಲಾರೆ. ಒಬ್ಬ ಮನುಷ್ಯ ತನ್ನೊಳಗೆ ಎಷ್ಟೇ ನೆಟ್ಟಗಿದ್ದರೂ ಎದುರಿಗಿರುವವರ ಬದುಕು ಕಾಣದೇ ಹೋಗಬಹುದು. ಮೇಣದಬತ್ತಿಯ ಕಥೆ ಇದನ್ನು ಹೇಳುವುದಿಲ್ಲ.

ಆ ದಿನಗಳಲ್ಲಿ ಮತ್ತೆ ಮತ್ತೆ ಮನಸ್ಸು ಹೋಗಿ ನಿಂತದ್ದು ಕಾಗೋಡಿನ ಹತ್ತಿರ. ಸಾಗರ ತಾಲ್ಲೂಕಿನ ಆ ಊರಿನ ಹೆಸರು ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು, 1951ರ ರೈತ ಸತ್ಯಾಗ್ರಹದಿಂದ. ಎಚ್. ಗಣಪತಿಯಪ್ಪನವರ ಸಂಘಟನೆ, ಸಮಾಜವಾದಿಗಳ ಪ್ರವೇಶ, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು, ಆ ಹೋರಾಟದಲ್ಲಿದ್ದ ಶಾಂತವೇರಿ ಗೋಪಾಲಗೌಡರು ಮರುವರ್ಷವೇ ಶಾಸನಸಭೆಗೆ ಗೆದ್ದದ್ದು, ಇವೆಲ್ಲ ಪುಸ್ತಕಗಳಲ್ಲಿವೆ. ನನ್ನನ್ನು ಹಿಡಿದದ್ದು ಅದರ ಮೊದಲ ಕಿಡಿ. ಜಗಳ ಹುಟ್ಟಿದ್ದು ಕೊಳಗದಿಂದ. ಗೇಣಿ ಭತ್ತ ಅಳೆದುಕೊಳ್ಳುವಾಗ ಒಡೆಯರ ಕಡೆಯ ಕೊಳಗ ರೂಢಿಯ ಅಳತೆಗಿಂತ ದೊಡ್ಡದು. ಇಷ್ಟು ಕೊಳಗ ಎಂದು ಒಪ್ಪಂದ, ಲೆಕ್ಕದಲ್ಲೂ ಅಷ್ಟೇ ಕೊಳಗ. ಎಣಿಸಿದರೆ ತಪ್ಪು ಸಿಗುವುದೇ ಇಲ್ಲ. ತಪ್ಪು ಇದ್ದದ್ದು ಪಾತ್ರೆಯೊಳಗೆ. ಬೆಳೆದವನಿಗೆ ಮಾತ್ರ ತನ್ನ ಕಣಜ ಬೇಗ ಖಾಲಿಯಾಗುವುದು ಗೊತ್ತಾಗುತ್ತಿತ್ತು. ಭೂಮಿ ಬೇಕು ಎಂಬ ಮಾತಿಗಿಂತ ಮೊದಲು ಆ ರೈತರು ಕೇಳಿದ್ದು ಅಳತೆ ಸರಿಯಿರಲಿ ಎಂಬುದನ್ನು.

ಕಾಗೋಡಿನ ಕಥೆಯನ್ನು ನಾನು ಯಾವಾಗಲೂ ಭತ್ತ ಕೊಡುವವರ ಕಡೆ ನಿಂತು ಓದಿದ್ದೆ. ಅಪ್ಪನ ಕಡೆಯ ಅಜ್ಜ ಗೇಣಿ ರೈತ, ಹಾಗಾಗಿ ಅದು ನನ್ನ ಕಡೆ ಎಂದೇ ಭಾವಿಸಿದ್ದೆ. ಈ ಸಲ ನೋಡಿದರೆ ಕೊಳಗ ನನ್ನ ಕೈಯಲ್ಲಿತ್ತು. ನಾಲ್ಕು ಪುಟದ ಆ ಫಾರಂ ಒಂದು ಅಳತೆ ಪಾತ್ರೆ. ಊರವರು ತಮ್ಮ ಬದುಕನ್ನು ನಂಬಿಕೆಯಿಂದ ಅದರೊಳಗೆ ಸುರಿದಿದ್ದರು. ಯಾರದನ್ನೂ ನಾನು ಕದಿಯಲಿಲ್ಲವಲ್ಲ, ಖಾಲಿ ಇದ್ದದ್ದನ್ನು ತುಂಬಿದೆ ಅಷ್ಟೆ ಎಂದು ಬಹಳ ದಿನ ವಾದಿಸಿಕೊಂಡೆ. ಆದರೆ ಆ ಖಾಲಿಯೇ ನಾನು ಹುಡುಕಿಕೊಂಡು ಹೋದ ವಿಷಯವಾಗಿತ್ತು. 120 ಮನೆಗಳಲ್ಲಿ 23ಕ್ಕೆ ಬೀಗ ಬಿದ್ದಿದೆ ಎಂಬುದಕ್ಕಿಂತ ದೊಡ್ಡ ಉತ್ತರ ನನ್ನ ಯಾವ ಪ್ರಶ್ನೆಗೂ ಬಂದಿರಲಿಲ್ಲ. ಒಂದು ಊರು ಖಾಲಿಯಾದದ್ದರ ಸಾಕ್ಷಿಯೊಳಗೆ ಕೂತು, ಊರವಳೇ ಆದ ನಾನು, ಒಲೆ ಹಚ್ಚಿ ಮಕ್ಕಳನ್ನು ಆಡಿಸುತ್ತಿದ್ದೆ. ಮುಂದೆ ಯಾರಾದರೂ ಆ ಪ್ರಬಂಧ ತೆರೆದರೆ ಆ ಮನೆಗಳಲ್ಲಿ ದೀಪ ಉರಿಯುತ್ತಿತ್ತು ಎಂದೇ ತಿಳಿಯುತ್ತಿದ್ದರು, ಅಮ್ಮ ತಿಳಿದ ಹಾಗೆ. ಅವರನ್ನು ಬಾಗಿಲಲ್ಲಿ ತಡೆಯಲು ನಾನು ಇರುತ್ತಿರಲಿಲ್ಲ.

ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ತಂದಲ್ಲಿಗೇ ಸುರಿದು ಬರಲು ಕಳಿಸಿದ ಕಥೆಯನ್ನು ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ದುರಾಸೆಯ ಕಥೆಯೆಂದು ಹೇಳಿ ಬಹುಮಾನ ತೆಗೆದುಕೊಂಡಿದ್ದೆ. ಆಗ ಗಮನಿಸದ ಒಂದು ಅಂಶವಿದೆ. ಲಕ್ಕಮ್ಮನಿಗೆ ದಿನದ ಗಂಟಿನ ತೂಕ ಗೊತ್ತಿತ್ತು. ನನ್ನ ಪ್ರಗತಿ ವರದಿ ಓದಿದ ಯಾರಿಗೂ ಅದು ಗೊತ್ತಿರಲಿಲ್ಲ, ಅದು ಅವರ ತಪ್ಪೂ ಅಲ್ಲ. ಹಿಂದಿನ ಸಾಲಿನ ಮನೆಯಲ್ಲಿ ಯಾರಿದ್ದರು, ಯಾವ ಶನಿವಾರ ಹೋದರು ಎಂದು ಬಲ್ಲವಳು ಅಮ್ಮ ಒಬ್ಬಳೇ.

ಗೈಡ್ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಬಹಳ ಹೊತ್ತು ಸುಮ್ಮನಿದ್ದು, "ಬರವಣಿಗೆಯಲ್ಲಿ ಕೊಡಿ" ಎಂದರು. ಅಲ್ಲಿಯವರೆಗೆ ನನ್ನನ್ನು ಏಕವಚನದಲ್ಲಿ ಕರೆಯುತ್ತಿದ್ದವರು. ಕೊಟ್ಟೆ. ವರದಿ ತಿದ್ದಿ ಮತ್ತೆ ಸಲ್ಲಿಸಿದೆ, ಮುಂದಿನ ಕಂತು ನಿಂತಿತು. ಐದು ತಿಂಗಳು ಟ್ಯೂಷನ್ ಹೇಳಿ ಬಾಡಿಗೆ ತೂಗಿಸಿದೆ. ಅಪ್ಪನಿಗೆ ಕಾರಣ ಹೇಳಿದಾಗ, "ಮೊದ್ಲೇ ಇಪ್ಪತ್ಮೂರು ಬೀಗ ಅಂತ ಬರ್ದಿದ್ರೆ ಏನಾಗ್ತಿತ್ತು?" ಎಂದು ಕೇಳಿದರು. ಬಹುಶಃ ಏನೂ ಆಗುತ್ತಿರಲಿಲ್ಲ. ಅದು ನನಗೆ ಇವತ್ತಿಗೂ ನುಂಗಲಾಗದ ಸಂಗತಿ. ಗೈಡ್ ಈಗ ಮತ್ತೆ ಮಾತಾಡುತ್ತಾರೆ. ಬಹುವಚನ ಮಾತ್ರ ಹಾಗೇ ಉಳಿದಿದೆ.

ಗೆಳತಿ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ. "ನನ್ ಹೆಸರು ಹೇಳಿದ್ಯಾ?" ಇಲ್ಲ, ಹೇಳಿರಲಿಲ್ಲ. ಅವಳ ಫಾರಂಗಳಲ್ಲಿ ಎಷ್ಟು ಮನೆಗಳಿಗೆ ಬೀಗವಿತ್ತು ಎಂದು ನಾನು ಕೇಳಲಿಲ್ಲ. ನನ್ನದನ್ನು ಹೇಳಿಕೊಂಡು ಅವಳದಕ್ಕೆ ಕಣ್ಣು ಮುಚ್ಚುವುದು ನೇರವೋ ಸೊಟ್ಟವೋ ನನಗಿನ್ನೂ ಬಗೆಹರಿದಿಲ್ಲ. ನನ್ನ ಮನೆಗೆ ಬರುವ ಬಿಸಿಯನ್ನು ತಡೆದುಕೊಳ್ಳಬಹುದಿತ್ತು, ಅವಳ ಮನೆಗೂ ಹಚ್ಚುವ ಧೈರ್ಯ ಇರಲಿಲ್ಲ. ಇಬ್ಬರ ನಡುವೆ ಮಾತು ಕಡಿಮೆಯಾಗಿದೆ.

ಈಗ ಪ್ರಬಂಧದಲ್ಲಿ ಬೀಗದ ಮನೆಗಳದೇ ಒಂದು ಅಧ್ಯಾಯವಿದೆ. ಅದಕ್ಕಾಗಿ ಹೊಸ ಫಾರಂ ಮಾಡಿಕೊಂಡು ಇಪ್ಪತ್ತಮೂರಕ್ಕೂ ಮತ್ತೆ ಹೋದೆ. ಬಾಗಿಲಿಗೆ ಸಿಕ್ಕಿಸಿದ ಕರೆಂಟ್ ಬಿಲ್, ತುಳಸಿಕಟ್ಟೆ, ಗೋಡೆಯ ಮೇಲೆ ಮಕ್ಕಳ ಎತ್ತರ ಅಳೆದ ಪೆನ್ಸಿಲ್ ಗೆರೆ, ಕಂಡಷ್ಟನ್ನು ಬರೆದುಕೊಂಡೆ. ಹಿಂದಿನ ಸಾಲಿನ ಮನೆಗೆ ಹೋಗುವ ದಿನ ಅಮ್ಮ ತಾನೂ ಬರುತ್ತೇನೆ ಅಂದಳು. ಗೇಟು ತುಕ್ಕು ಹಿಡಿದಿತ್ತು. ಅಮ್ಮ ಸೆರಗು ಎತ್ತಿ ಕಟ್ಟಿಕೊಂಡು ಗಿಡಗಳ ನಡುವೆ ದಾರಿ ಮಾಡಿಕೊಂಡು ಬಾಗಿಲವರೆಗೂ ಹೋಗಿ, ಬೀಗವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

"ಇದು ಅವ್ಳು ಹಾಕಿದ್ ಬೀಗ ಅಲ್ಲ. ಆಮೇಲ್ ಯಾರೋ ಬೇರೆ ಹಾಕಿದಾರೆ."

"ನಿಂಗೆ ಹೆಂಗ್ ಗೊತ್ತು?"

"ಅದ್ರ ಇನ್ನೊಂದ್ ಬೀಗದಕೈ ನನ್ ಹತ್ರನೇ ಐತಲ್ಲೇ" ಅಂದಳು.

ಹೊಸ ಫಾರಂನ ಕೊನೆಯಲ್ಲಿ ‘ಇತರೆ’ ಎಂಬ ಕಾಲಂ ಇಟ್ಟಿದ್ದೆ. ಅಮ್ಮ ಹೇಳಿದ್ದನ್ನು ಹೇಳಿದ ಹಾಗೇ ಅಲ್ಲಿ ಬರೆದುಕೊಂಡೆ.